ಗಂಟಲು ಒಡೆದ ಜಾಗ ಕತ್ತರಿಸಬೇಡಿ

ಸಂಪಾದಕರೇ,

ಹೋದ ಭಾನುವಾರದ ಪುರವಣಿಯಲ್ಲಿ ನಿಮ್ಮ ಅಂಕಣಕಾರರು ಹಳೇ ಗಾಯಕರ ಬಗ್ಗೆ ಬರೆದಿದ್ದರು. ಹೆಸರು ಮಾಡಿದವರು ದನಿ ಚೆನ್ನಾಗಿರುವಾಗಲೇ ಸ್ಟೇಜ್ ಬಿಡಬೇಕು, ಆಮೇಲೆ ಹಾಡಿದ್ದನ್ನು ರೆಕಾರ್ಡ್ ಮಾಡಿ ಊರಿಗೆಲ್ಲ ಹಂಚಿದರೆ ಅವರಿಗೇ ಅವಮಾನ ಅಂತ. ಓದೋಕೆ ಚೆನ್ನಾಗಿದೆ, ಒಪ್ಪೋಕೆ ಆಗಲಿಲ್ಲ. ನಾನು ಮೈಸೂರು, ಮಂಡ್ಯ ಕಡೆ ಆರ್ಕೆಸ್ಟ್ರಾಗಳಲ್ಲಿ ತುಂಬಾ ವರ್ಷ ಕೀಬೋರ್ಡ್ ನುಡಿಸಿದವನು. ಗಾಯಕರ ಪಕ್ಕದಲ್ಲೇ ನಿಂತು ಅವರ ಒಳ್ಳೇ ದಿನ, ಕೆಟ್ಟ ದಿನ ಎರಡೂ ನೋಡಿದ್ದೇನೆ, ಅದಕ್ಕೇ ಬರೆಯುತ್ತಿದ್ದೇನೆ.

ಅಂಕಣದಲ್ಲಿ ಅಮೆರಿಕದ ರಾಕ್ ಗಾಯಕ ಎಲ್ವಿಸ್ ಪ್ರೀಸ್ಲಿಯ ಕೊನೇ ದಿನಗಳ ಉದಾಹರಣೆ ಕೊಟ್ಟಿದ್ದರು. ಸರಿ. 1977ರ ಜೂನ್‌ನಲ್ಲಿ ಟಿವಿಯವರು ಚಿತ್ರೀಕರಿಸಿದ ಆ ಕಾರ್ಯಕ್ರಮ ನೋಡಿದರೆ ಸಂಕಟ ಆಗುತ್ತೆ, ಆಗಸ್ಟ್‌ನಲ್ಲಿ ಮನುಷ್ಯ ತೀರಿಯೇ ಹೋದ. ಆದರೆ ಎಲ್ವಿಸ್‌ಗೆ ಮೊದಲು ಅವಕಾಶ ಕೊಟ್ಟ ಮೆಂಫಿಸ್‌ನ ಅದೇ ಸನ್ ರೆಕಾರ್ಡ್ ಕಂಪನಿಯಿಂದ ಇನ್ನೊಬ್ಬ ಬಂದಿದ್ದನಲ್ಲ, ಜೆರ್ರಿ ಲೀ ಲೂಯಿಸ್, ಅವನನ್ನು ಯಾಕೆ ಬಿಟ್ಟರು? ಹುಟ್ಟಿದ್ದು 1935ರ ಸೆಪ್ಟೆಂಬರ್ 29, ಅಮೆರಿಕದ ಲೂಸಿಯಾನಾದ ಫೆರಿಡೇ ಅನ್ನೋ ಸಣ್ಣ ಊರಲ್ಲಿ. (ನಮ್ಮ ಗೋಪಾಲಸ್ವಾಮಿ ಮೇಷ್ಟ್ರು ಮೈಸೂರಲ್ಲಿ ತಮ್ಮ ಮನೆಯಿಂದಲೇ ರೇಡಿಯೊ ಶುರು ಮಾಡಿದ್ದು ಅದೇ ತಿಂಗಳ 10ಕ್ಕೆ. ಅಂದರೆ ಜೆರ್ರಿ ನಮ್ಮ ಆಕಾಶವಾಣಿಗಿಂತ ಸ್ವಲ್ಪ ಚಿಕ್ಕವನು!) 1957ರಲ್ಲಿ ಎರಡೇ ಹಾಡಿಗೆ ಅಮೆರಿಕ ಪೂರ್ತಿ ಹೆಸರಾದ. ನಿಂತು ಪಿಯಾನೊ ನುಡಿಸುವುದು, ಸ್ಟೂಲ್ ಒದೆಯುವುದು, ಹಿಮ್ಮಡಿಯಲ್ಲಿ ಪಿಯಾನೊದ ಮನೆ (ಕೀ) ಒತ್ತುವುದು, ಎಲ್ಲಾ ಅವನದೇ.

1958ರ ಮೇನಲ್ಲಿ ಇಂಗ್ಲೆಂಡಿಗೆ ಹೋದ. 37 ಕಾರ್ಯಕ್ರಮ ಗೊತ್ತಾಗಿತ್ತು. ಜೊತೆಯಲ್ಲಿದ್ದ ಹೆಂಡತಿಗೆ ಬರೀ 13 ವರ್ಷ, ಅದೂ ಸಂಬಂಧಿಕರ ಮಗಳು, ಅನ್ನೋದು ಅಲ್ಲಿನ ಪತ್ರಿಕೆಗಳಿಗೆ ಸಿಕ್ಕಿತು. ಮೂರು ಕಾರ್ಯಕ್ರಮಕ್ಕೇ ಗಂಟುಮೂಟೆ ಕಟ್ಟಿಸಿದರು. ಇದರಲ್ಲಿ ಅವನ ಪರ ಮಾತಾಡೋಕೆ ಏನೂ ಇಲ್ಲ, ನಾನೂ ಮಾತಾಡಲ್ಲ. ಮಗು ಅದು. ರಾತ್ರಿಗೆ 10,000 ಡಾಲರ್ ತಗೊಳ್ಳುತ್ತಿದ್ದವನು 250 ಡಾಲರ್‌ಗೆ ಇಳಿದ ಅಂತ ಅವನ ಬಗ್ಗೆ ಬರೆದವರೆಲ್ಲ ಹೇಳುತ್ತಾರೆ. ಊರೂರು ಸುತ್ತಿ ಸಣ್ಣಪುಟ್ಟ ಬಾರ್‌ಗಳಲ್ಲಿ ನುಡಿಸಿಕೊಂಡಿದ್ದ.

ಈಗ 1964ಕ್ಕೆ ಬನ್ನಿ. ಏಪ್ರಿಲ್ 4ರ ಅಮೆರಿಕದ ಬಿಲ್‌ಬೋರ್ಡ್ ಪತ್ರಿಕೆಯ ಹಿಟ್ ಹಾಡುಗಳ ಪಟ್ಟಿಯಲ್ಲಿ ಮೊದಲ ಐದೂ ಸ್ಥಾನ ಇಂಗ್ಲೆಂಡಿನ ಬೀಟಲ್ಸ್ ತಂಡದ ಹುಡುಗರದು. ಮಾರನೇ ದಿನ, ಏಪ್ರಿಲ್ 5, ಜೆರ್ರಿ ಎಲ್ಲಿದ್ದ ಗೊತ್ತಾ? ಜರ್ಮನಿಯ ಹ್ಯಾಂಬರ್ಗ್‌ನಲ್ಲಿ, ಸ್ಟಾರ್ ಕ್ಲಬ್‌ನಲ್ಲಿ. ಎರಡು ವರ್ಷದ ಹಿಂದೆ ಇದೇ ಬೀಟಲ್ಸ್ ಹೆಸರಿಲ್ಲದೆ ರಾತ್ರಿಯೆಲ್ಲಾ ದುಡಿದ ಜಾಗ ಅದು. ಅವರು ಅಲ್ಲಿಂದ ಮೇಲೆ ಹೋದರು, ಇವನು ಮೇಲಿನಿಂದ ಅಲ್ಲಿಗೆ ಬಂದ. ಹಿಂದೆ ನುಡಿಸಿದವರು ನ್ಯಾಶ್‌ವಿಲ್ ಟೀನ್ಸ್, ಹೆಸರಲ್ಲಿ ಮಾತ್ರ ನ್ಯಾಶ್‌ವಿಲ್, ಹುಡುಗರೆಲ್ಲ ಇಂಗ್ಲೆಂಡಿನವರು.

ಆ ರಾತ್ರಿಯ ರೆಕಾರ್ಡ್ ಕೇಳಿ ಸರ್, ದಯವಿಟ್ಟು ಒಂದು ಸಲ. ಸುಮಾರು ಮುಕ್ಕಾಲು ಗಂಟೆಯೊಳಗೆ ಮುಗಿಯುತ್ತೆ. ಅವಮಾನ ಪಟ್ಟವನು ಹೀಗೆ ನುಡಿಸುತ್ತಾನಾ? ಎಡಗೈಯಲ್ಲಿ ಬೂಗಿ (ಮತ್ತೆ ಮತ್ತೆ ಬರುವ ಕೆಳಸ್ವರಗಳ ಓಟ) ಒಂದೇ ಸಮನೆ ಓಡುತ್ತಿರುತ್ತೆ, ಬಲಗೈಯಲ್ಲಿ ಮೇಲಿನಿಂದ ಕೆಳಕ್ಕೆ ಒಂದೇ ಎಳೆತಕ್ಕೆ ಎಲ್ಲಾ ಮನೆಗಳ ಮೇಲೂ ಉಗುರು ಜಾರಿಸುತ್ತಾನೆ, ಅದಾದ ಮೇಲೆ ತಾಳಕ್ಕೆ ಸರಿಯಾಗಿ ಬಂದು ಬೀಳುತ್ತಾನೆ. ಹಿಂದಿನ ಹುಡುಗರಿಗೆ ಅವನ ಲಯ ಹಿಡಿಯೋಕೆ ಆಗ್ತಾ ಇಲ್ಲ, ಡ್ರಮ್ಮರ್ ಅಂತೂ ಬಸ್ ಹಿಂದೆ ಓಡಿ ಬಂದವನ ಹಾಗೆ ಕೇಳಿಸುತ್ತಾನೆ, ಆದರೂ ಬಿಡಲ್ಲ. ದನಿ ಒರಟು. ಕೆಲವು ಕಡೆ ಪದ ನುಂಗುತ್ತಾನೆ. ನಡುವೆ ಕಂಟ್ರಿ, ಅಂದರೆ ಅಮೆರಿಕದ ಹಳ್ಳಿ ಕಡೆ ಧಾಟಿಯ ಗಾಯಕ ಹ್ಯಾಂಕ್ ವಿಲಿಯಮ್ಸ್‌ನ ಒಂದು ನಿಧಾನದ ಹಾಡು ಹಿಡಿಯುತ್ತಾನೆ, ಆಗ ಗೊತ್ತಾಗುತ್ತೆ ಕಂಠ ಎಲ್ಲೂ ಹೋಗಿಲ್ಲ ಅಂತ. ನಾಲ್ಕು ವರ್ಷ ಆದಮೇಲೆ, 1968ರಲ್ಲಿ, ಅವನನ್ನು ಮತ್ತೆ ಎತ್ತಿ ನಿಲ್ಲಿಸಿದ್ದು ಇಂಥ ಕಂಟ್ರಿ ಹಾಡುಗಳೇ.

ಇನ್ನೊಂದು ವಿಷಯ, ನನ್ನಂಥವರಿಗೆ ಇದೇ ಮುಖ್ಯ. ಜನ ಕೇಳಿಸುತ್ತಾರೆ. ಹಾಡಿನ ಸಂದಿನಲ್ಲಿ ಜೆರ್ರಿ, ಜೆರ್ರಿ ಅಂತ ಕೂಗುತ್ತಾರೆ, ಅವನು ಮುಂದಿನ ಹಾಡಿಗೆ ಕೈ ಇಡೋದು ಆ ಕೂಗಿನ ಮೇಲೆಯೇ. ಆ ರೆಕಾರ್ಡಿಂಗ್ ಮಾಡಿಸಿದ ಸಿಗ್ಗಿ ಲೋಖ್ ಹೇಳಿದ ಪ್ರಕಾರ ಏರ್ಪಾಡು ತುಂಬಾ ಸರಳ. ವಾದ್ಯಗಳಿಗೆ ಎಷ್ಟು ಹತ್ತಿರ ಆಗುತ್ತೋ ಅಷ್ಟು ಹತ್ತಿರ ಮೈಕ್, ಜೊತೆಗೆ ಜನರ ಮಧ್ಯೆ ಒಂದು ಸ್ಟೀರಿಯೊ ಮೈಕ್. ಅಷ್ಟೇ. ಕರಾರಿನ ತೊಡಕಿನಿಂದ ಆ ರೆಕಾರ್ಡ್ ಅಮೆರಿಕದಲ್ಲೇ ಎಷ್ಟೋ ವರ್ಷ ಬಿಡುಗಡೆ ಆಗಲಿಲ್ಲ, ಈಗ ರಾಕ್ ಕೇಳುವವರು ಲೈವ್ ರೆಕಾರ್ಡ್ ಅಂದರೆ ಮೊದಲ ಸಾಲಿನಲ್ಲಿ ಅದನ್ನು ಇಡುತ್ತಾರೆ. ಆವತ್ತು ಯಾರಾದರೂ, ಇವನ ಕಥೆ ಮುಗಿದಿದೆ, ಟೇಪ್ ಯಾಕೆ ದಂಡ ಅಂದಿದ್ದರೆ?

ನಮ್ಮಲ್ಲಿ ಹಾಗೆ ಅಂದುಬಿಡುತ್ತೇವೆ. ಇಲ್ಲಾ, ರೆಕಾರ್ಡ್ ಮಾಡಿದರೂ ತಪ್ಪು ಕಡೆಯಿಂದ ಮಾಡುತ್ತೇವೆ. ಮೈಕ್‌ಗಳೆಲ್ಲ ಬಂದು ಸೇರುವ ಸೌಂಡ್ ಮಿಕ್ಸರ್‌ನಿಂದ ಒಂದು ವೈರ್ ಎಳೆದು ಸೀದಾ ಕ್ಯಾಸೆಟ್ ಡೆಕ್‌ಗೆ, ಈಗಾದರೆ ಲ್ಯಾಪ್‌ಟಾಪ್‌ಗೆ. ಅದರಲ್ಲಿ ಬರೋದು ಮೈಕ್‌ಗೆ ಹೋದದ್ದು ಮಾತ್ರ. ಎದುರಿಗೆ ಸಾವಿರಾರು ಜನ ಶಿಳ್ಳೆ ಹೊಡೆದಿರುತ್ತಾರೆ, ಟೇಪಿನಲ್ಲಿ ಒಬ್ಬರೂ ಇರಲ್ಲ, ಗಾಯಕರು ಖಾಲಿ ಕೋಣೆಯಲ್ಲಿ ಹಾಡಿದ ಹಾಗಿರುತ್ತೆ. ದನಿ ಸ್ವಲ್ಪ ಅಲುಗಿದರೂ ಭೂತಗನ್ನಡಿಯಲ್ಲಿ ನೋಡಿದಷ್ಟು ದೊಡ್ಡದಾಗಿ ಕೇಳುತ್ತೆ. ಅಂಕಣಕಾರರು ಅವಮಾನ ಅಂದದ್ದು ಇಂಥ ರೆಕಾರ್ಡ್ ಕೇಳಿಯೇ ಇರಬೇಕು ಅಂತ ನನಗೆ ಗುಮಾನಿ.

ಮಂಡ್ಯ ಹತ್ತಿರ ಒಂದು ಗಣಪತಿ ಪೆಂಡಾಲ್‌ನಲ್ಲಿ ನಡೆದದ್ದು ಹೇಳುತ್ತೇನೆ. ಹಾಡೋಕೆ ಬಂದಿದ್ದವರು ನಾವೆಲ್ಲ ಅಣ್ಣ ಅನ್ನೋ ಹಳೇ ಗಾಯಕರು, ಒಂದು ಕಾಲಕ್ಕೆ ನಮ್ಮ ಜಿಲ್ಲೆಗಳಲ್ಲಿ ಅವರಿಲ್ಲದೆ ಆರ್ಕೆಸ್ಟ್ರಾ ಇರುತ್ತಿರಲಿಲ್ಲ. ಈಗ ಕರೆಯೋರು ಕಡಿಮೆ. ಆವತ್ತು ಎರಡನೇ ಚರಣಕ್ಕೆ ಮೇಲೆ ಹೋಗುವಾಗ ಗಂಟಲು ಒಡೆಯಿತು, ಸಾಲು ಅರ್ಧಕ್ಕೆ ನಿಂತಿತು. ನಾನು ಕೀಬೋರ್ಡ್‌ನಲ್ಲಿ ಅದೇ ಕಾರ್ಡ್ (ಒಟ್ಟಿಗೆ ಒತ್ತುವ ಸ್ವರಗಳು) ಹಿಡಿದುಕೊಂಡೆ, ತಬಲಾದವರು ಸುಮ್ನೆ ಠೇಕಾ ಇಟ್ಟರು. ಹಿಂದಿನ ಸಾಲಿನಲ್ಲಿ ಯಾರೋ ಒಬ್ಬ ಹೆಂಗಸು ಆ ಸಾಲು ಎತ್ತಿಕೊಂಡರು ನೋಡಿ, ಅರೆಗಳಿಗೆಯಲ್ಲಿ ಪೆಂಡಾಲ್ ಪೂರ್ತಿ ಹಾಡಿತು. ಅಣ್ಣ ಮೈಕ್ ಜನರ ಕಡೆ ತಿರುಗಿಸಿ ನಗುತ್ತಾ ನಿಂತಿದ್ದರು, ಪಲ್ಲವಿಗೆ ಅವರೇ ಮತ್ತೆ ಬಂದರು. ಕಮಿಟಿಯವರು ಆಮೇಲೆ ವಿಡಿಯೊ ಹಾಕಿದಾಗ ಆ ಚರಣವೇ ಇಲ್ಲ! ಎಡಿಟಿಂಗ್‌ನಲ್ಲಿ ತೆಗೆಸಿದ್ದಾರೆ, ಮರ್ಯಾದೆ ಉಳಿಸೋಕೆ ಅಂತೆ. ಅಣ್ಣನೇ ನನಗೆ ಫೋನ್ ಮಾಡಿ, "ಇರೋ ಒಂದು ಒಳ್ಳೇ ಜಾಗ ತೆಗೆದುಬಿಟ್ರಲ್ಲಯ್ಯ" ಅಂದರು.

ಹಾಗಾದರೆ ಅವಮಾನ ಮಾಡಿದ್ದು ಯಾರು, ಹಾಡಿದವರಾ, ಕತ್ತರಿಸಿದವರಾ?

ವಯಸ್ಸಿನ ಮಾತಿಗೆ ಬಂದರೆ, 2024ರ ಯುವ ದಸರಾಗೆ ಉತ್ತನಹಳ್ಳಿ ಹತ್ತಿರ ಇಳಯರಾಜ ಬಂದಾಗ ಅವರಿಗೆ 81. ಯಾರಾದರೂ ವಯಸ್ಸು ಕೇಳಿ ವಾಪಸ್ ಹೋದರಾ? ಜೆರ್ರಿ ಕೂಡ 2022ರಲ್ಲಿ, 87ನೇ ವಯಸ್ಸಿನಲ್ಲಿ ತೀರಿಕೊಂಡ, ಬದುಕಿನ ಬಹುಪಾಲು ಪಿಯಾನೊ ಮುಂದೆಯೇ ಕಳೆದ.

ದಸರಾ ನಡೆಸುವವರಿಗೆ, ಒಂಟಿಕೊಪ್ಪಲಿನ 8ನೇ ಕ್ರಾಸ್‌ನಿಂದ ಹಿಡಿದು ಎಲ್ಲಾ ಗಣೇಶೋತ್ಸವದವರಿಗೆ ನನ್ನದೊಂದು ಕೇಳಿಕೆ. ಮಿಕ್ಸರ್ ಲೈನ್ ಜೊತೆಗೆ ಜನರ ಕಡೆ ಮುಖ ಮಾಡಿ ಎರಡು ಮೈಕ್ ಇಡಿಸಿ. ಜಾಸ್ತಿ ಖರ್ಚಿಲ್ಲ, ಸೌಂಡ್‌ನವರ ಹತ್ತಿರ ಹೇಗೂ ಇರುತ್ತೆ. ಎರಡನ್ನೂ ಬೇರೆ ಬೇರೆ ಟ್ರ್ಯಾಕ್‌ನಲ್ಲಿ ಇಟ್ಟುಕೊಳ್ಳಿ, ಆಮೇಲೆ ಬೆರೆಸಬಹುದು. ಎಂಪಿ3 ಮಾತ್ರ ಇಟ್ಟುಕೊಂಡು ಮೂಲ ಫೈಲ್ ಅಳಿಸಬೇಡಿ. ಏನಾದರೂ ತೆಗೆಯಲೇಬೇಕು ಅಂದರೆ ಹಾಡಿದವರನ್ನು ಒಂದು ಮಾತು ಕೇಳಿ.

ಮನೆಗಳಲ್ಲಿ ಹಳೇ ಪ್ರೋಗ್ರಾಂ ಕ್ಯಾಸೆಟ್ ಇಟ್ಟುಕೊಂಡವರಿಗೂ ಒಂದು ಮಾತು. ಅಟ್ಟದ ಮೇಲೆ ಬಿಟ್ಟರೆ ಬೂಸ್ಟು ಹಿಡಿದು ಟೇಪು ಹಾಳಾಗುತ್ತೆ, ಒಂದು ಸಲ ಅಂಟಿಕೊಂಡರೆ ಬಿಡಿಸುವಾಗಲೇ ಹರಿಯುತ್ತೆ. ನನ್ನ ಡೆಕ್ ಇನ್ನೂ ಓಡುತ್ತಿದೆ, ಟೇಪ್ ತಾಗುವ ಹೆಡ್ಡನ್ನು ಸ್ಪಿರಿಟ್ ಹಾಕಿ ಒರೆಸಿ ಇಟ್ಟಿದ್ದೇನೆ. ನಿಮ್ಮ ಕಚೇರಿಗೆ ತಿಳಿಸಿದರೆ ನಾನೇ ಬಂದು ತಗೊಂಡು ಹೋಗಿ ಕಂಪ್ಯೂಟರ್‌ಗೆ ಹಾಕಿ ಕ್ಯಾಸೆಟ್ ವಾಪಸ್ ಕೊಡುತ್ತೇನೆ, ದುಡ್ಡು ಬೇಡ. ಶಿಳ್ಳೆ, ಕೆಮ್ಮು ಎಲ್ಲಾ ತೆಗೆದು ಕ್ಲೀನ್ ಮಾಡಿಕೊಡಿ ಅಂತ ಮಾತ್ರ ಕೇಳಬೇಡಿ.

– ಹಳೇ ಕೀಬೋರ್ಡ್ ವಾದಕ, ಸರಸ್ವತಿಪುರಂ, ಮೈಸೂರು