ವೈದ್ಯರ ಮೇಲೆ ದೂರು ಶುರುವಾಗುವುದು ಎಲ್ಲಿಂದ?

ಮಾನ್ಯ ಸಂಪಾದಕರೇ,

ಚಿಕಿತ್ಸೆಯಲ್ಲಿ ಎಡವಟ್ಟಾಯಿತು ಅನ್ನಿಸಿದರೆ ಜನ ಆಸ್ಪತ್ರೆ ಮುಂದೆ ಗಲಾಟೆ ಮಾಡುತ್ತಾರೆ, ಇಲ್ಲವೇ ಫೇಸ್‌ಬುಕ್‌ನಲ್ಲಿ ಸಿಟ್ಟು ತೀರಿಸಿಕೊಳ್ಳುತ್ತಾರೆ. ನೋವು ಅರ್ಥವಾಗುತ್ತದೆ. ಆದರೆ ಇದರಿಂದ ಆ ವೈದ್ಯರ ನೋಂದಣಿಗೆ, ಅಂದರೆ ವೃತ್ತಿ ನಡೆಸುವ ಪರವಾನಗಿಗೆ, ಏನೂ ಆಗುವುದಿಲ್ಲ. ಅದನ್ನು ತಡೆಹಿಡಿಯುವ, ರದ್ದು ಮಾಡುವ ಅಧಿಕಾರ ಇರುವುದು ರಾಜ್ಯ ವೈದ್ಯಕೀಯ ಪರಿಷತ್ತಿಗೆ, ಮತ್ತು ಯಾರಾದರೂ ಸಹಿ ಹಾಕಿ ಬರೆದುಕೊಡುವ ತನಕ ಅಲ್ಲಿ ಸಾಮಾನ್ಯವಾಗಿ ಫೈಲೇ ತೆರೆಯುವುದಿಲ್ಲ.

ಪರಿಹಾರದ ಹಣ ಬೇಕಿದ್ದರೆ ಗ್ರಾಹಕರ ಆಯೋಗಕ್ಕೆ ಹೋಗಬೇಕು. ಸುಪ್ರೀಂ ಕೋರ್ಟ್ 1995ರಲ್ಲೇ ಹಣ ಪಡೆದು ಕೊಡುವ ಚಿಕಿತ್ಸೆಯನ್ನು ಗ್ರಾಹಕ ಕಾಯ್ದೆಯಡಿ ತಂದಿದೆ. ಪರಿಷತ್ತು ನೋಡುವುದು ವೈದ್ಯರ ನಡತೆಯನ್ನು, ದುಡ್ಡು ಕೊಡಿಸುವುದು ಅದರ ಕೆಲಸವಲ್ಲ.

ಜಾಸ್ತಿ ಜನ ಎಡವುವುದು ಇನ್ನೊಂದು ಕಡೆ. ಆಸ್ಪತ್ರೆಯ ಹೆಸರಲ್ಲಿ ದೂರು ಬರೆಯುತ್ತಾರೆ. ಪರಿಷತ್ತಿನ ಕೈ ತಲುಪುವುದು ನೋಂದಾಯಿತ ವೈದ್ಯರಿಗೆ ಮಾತ್ರ, ಹಾಗಾಗಿ ಯಾವ ಡಾಕ್ಟರು, ಯಾವತ್ತು, ಏನು ಮಾಡಿದರು ಅಥವಾ ಮಾಡಬೇಕಾದ್ದನ್ನು ಬಿಟ್ಟರು ಅಂತ ಬಿಡಿಸಿ ಬರೆಯಬೇಕು. 2002ರ ವೈದ್ಯಕೀಯ ನೀತಿ ನಿಯಮಗಳ ಪ್ರಕಾರ ವೈದ್ಯರು ಔಷಧಿ ಚೀಟಿಯಲ್ಲೂ ರಸೀದಿಯಲ್ಲೂ ತಮ್ಮ ನೋಂದಣಿ ಸಂಖ್ಯೆ ಹಾಕಲೇಬೇಕು, ಅದನ್ನು ದೂರಿನಲ್ಲಿ ಸೇರಿಸಿ. ಬರೆಯುವ ಮೊದಲು ಚಿಕಿತ್ಸೆಯ ದಾಖಲೆ ಕೈಗೆ ಬರಲಿ. ಕೇಳಿದ 72 ಗಂಟೆಯೊಳಗೆ ಕೊಡಬೇಕು ಅಂತ ಅದೇ ನಿಯಮಗಳು ಹೇಳುತ್ತವೆ. ಬಾಯಲ್ಲಿ ಕೇಳಿ ಸುಮ್ನೆ ಬರಬೇಡಿ, ಅರ್ಜಿ ಬರೆದು ಅದರ ನಕಲಿನ ಮೇಲೆ ಸೀಲು ಹಾಕಿಸಿಕೊಳ್ಳಿ. ಕೆಲವು ಪರಿಷತ್ತುಗಳು ಅಫಿಡವಿಟ್ ಕೂಡ ಕೇಳುತ್ತವೆ.

ಆದರೆ ದೂರು ಶುರು ಮಾಡುವ ಹೊಣೆಯನ್ನೆಲ್ಲ ರೋಗಿಯ ಮನೆಯವರ ಮೇಲೇ ಯಾಕೆ ಹಾಕಬೇಕು? ಮನೆಯಲ್ಲಿ ಸಾವಾಗಿರುತ್ತದೆ, ಕೇಸ್ ಶೀಟಿನ ಭಾಷೆ ಅರ್ಥವಾಗುವುದಿಲ್ಲ. ತಪ್ಪು ಮೊದಲು ಕಾಣುವುದು ಪಕ್ಕದಲ್ಲಿ ಕೆಲಸ ಮಾಡುವ ವೈದ್ಯರಿಗೆ ತಾನೇ? ಸಹೋದ್ಯೋಗಿಯ ಅಸಮರ್ಥ ಅಥವಾ ಅಪ್ರಾಮಾಣಿಕ ನಡತೆಯನ್ನು ಭಯ, ಪಕ್ಷಪಾತ ಇಲ್ಲದೆ ಬಯಲಿಗೆ ತರಬೇಕು ಅಂತ ಅವರ ನಿಯಮದಲ್ಲೇ ಇದೆ. ಬ್ರಿಟನ್ನಿನಲ್ಲಿ ವೈದ್ಯರನ್ನು ಕೆಲಸಕ್ಕಿಟ್ಟುಕೊಂಡ ಆಸ್ಪತ್ರೆಗಳು, ಪೊಲೀಸರು ಕೂಡ ಅಲ್ಲಿ ವೈದ್ಯರ ನೋಂದಣಿ ನೋಡಿಕೊಳ್ಳುವ ಜನರಲ್ ಮೆಡಿಕಲ್ ಕೌನ್ಸಿಲ್‌ಗೆ ವಿಷಯ ಮುಟ್ಟಿಸುತ್ತಾರೆ. ನಮ್ಮಲ್ಲೂ ಆಸ್ಪತ್ರೆ ಆಡಳಿತಕ್ಕೆ ಆ ಹೊಣೆ ಬರಬೇಕು. ಒಳ್ಳೆಯ ವೈದ್ಯರಿಗೂ ಇದರಿಂದ ಲಾಭವೇ, ಗಲಾಟೆಯಲ್ಲಿ ಏಟು ತಿನ್ನುವವರು ಎಷ್ಟೋ ಸಲ ಏನೂ ತಪ್ಪು ಮಾಡದ ಡ್ಯೂಟಿ ಡಾಕ್ಟರು, ನರ್ಸುಗಳು ಅಲ್ವಾ.

ಇನ್ನು ದೂರು ಕೊಟ್ಟ ಮೇಲಿನ ಕಥೆ. 6 ತಿಂಗಳಲ್ಲಿ ತೀರ್ಮಾನ ಆಗಬೇಕು ಅನ್ನುತ್ತದೆ ನಿಯಮ. ಪರಿಷತ್ತು ವೈದ್ಯರ ಮೇಲೆ ಕ್ರಮ ಕೈಗೊಂಡರೆ ಅವರು ಮೇಲ್ಮನವಿ ಹಾಕಬಹುದು, 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗ ಕಾಯ್ದೆಯ 30ನೇ ಸೆಕ್ಷನ್ ಆ ಹಕ್ಕು ಕೊಟ್ಟಿದೆ. ಅದೇ ದೂರು ವಜಾ ಆದರೆ? ದೂರುದಾರರ ಮೇಲ್ಮನವಿಯ ಬಗ್ಗೆ ಆ ಸೆಕ್ಷನ್ನಿನಲ್ಲಿ ಒಂದು ಮಾತೂ ಇಲ್ಲ. ಇದು ಯಾವ ನ್ಯಾಯ? ದೂರುದಾರರಿಗೂ ಆ ಹಕ್ಕು ಕೊಡುವ ತಿದ್ದುಪಡಿಯನ್ನು ಸಂಸದರು ಕೈಗೆತ್ತಿಕೊಳ್ಳಲಿ. ಅಷ್ಟರೊಳಗೆ ಪ್ರತಿ ಆಸ್ಪತ್ರೆಯೂ ತನ್ನ ಬಿಲ್ಲಿಂಗ್ ಕೌಂಟರಿನ ಪಕ್ಕದಲ್ಲೇ ಪರಿಷತ್ತಿನ ವಿಳಾಸವನ್ನೂ ದೂರು ಕೊಡುವ ಕ್ರಮವನ್ನೂ ಕನ್ನಡದಲ್ಲಿ ಬರೆದು ಹಾಕಲಿ.

ಇಂತಿ,
ನಿಮ್ಮ ಓದುಗ