ಅವ್ವಗ ಅರಳು ಮರಳು ಅನ್ನಬ್ಯಾಡ ಮಲ್ಲು

ಮಲ್ಲು,

ನಿನ್ನೆ ರಾತ್ರಿ ನೀ ಫೋನ್ ಇಟ್ಟ ಮ್ಯಾಲೆ ನನಗ ನಿದ್ದಿನ ಹತ್ತಲಿಲ್ಲಪಾ, ಅದ್ಕ ಎದ್ದ ಕೂಡ್ಲೆ ಇದನ್ನ ಬರಿಯಾಕತ್ತೇನಿ, ಉದ್ದ ಆಗ್ತೈತಿ, ಪೂರ್ತಿ ಓದು. ಅವ್ವ ನಾಕು ದಿನದಿಂದ ಹೆಂಗೆಂಗೋ ಮಾತಾಡ್ತಾಳ, ಸಂಜಿ ಆತಂದ್ರ ಗ್ವಾಡಿ ಕಡೆ ನೋಡ್ಕೋತ ತೀರಿಕೊಂಡ ಅಪ್ಪನ ಜೋಡಿ ಜಗಳ ತಗೀತಾಳ, ಸೊಸಿ ಸಾರಿನ್ಯಾಗ ಏನೋ ಹಾಕ್ಯಾಳ ಅಂತ ಸರಿಯಾಗಿ ಉಣ್ಣಾಕತ್ತಿಲ್ಲ ಅಂದಿ. ಆಮ್ಯಾಲೆ "ಏನ್ ಮಾಡೋದು ದೊಡ್ಡವ್ವ, ಅರವತ್ತಕ್ಕ ಅರಳು ಮರಳು" ಅಂದುಬಿಟ್ಟಿ. ಆ ಮಾತು ನನ್ನ ಎದಿಗೆ ನಟ್ಟೈತಿ, ಯಾಕಂದ್ರ ಅದ ಮಾತು ನಾನೂ ಅಂದಾಕಿ, ನಿಮ್ಮ ದೊಡ್ಡಪ್ಪಗ.

ಅವ್ರಿಗೆ ಆಗ 67. ಸುಡು ಬ್ಯಾಸಗಿ, ಎರಡು ದಿನ ಜುಲಾಬು ಆಗಿ ಊಟ ಸೇರ್ತಿರಲಿಲ್ಲ, ಆದ್ರ ಬಿಪಿ ಗುಳಿಗಿ ಮಾತ್ರ ತಪ್ಪದ ನುಂಗ್ತಿದ್ರು. ಮೂರನೇ ರಾತ್ರಿ ಎರಡು ಗಂಟೆಕ್ಕ ಎದ್ದು ಕುಂತು "ಹತ್ತಿ ಲಾರಿ ಬಂತು, ಲೆಕ್ಕದ ಬುಕ್ ಕೊಡ" ಅಂದ್ರು, ಅಡತಿ ಅಂಗಡಿ ಮುಚ್ಚಿ ಆಗ್ಲೇ ಏಳು ವರ್ಷ ಆಗಿತ್ತು. ಚಾದರ ಜಗ್ಗೋದು, ಗಾಳ್ಯಾಗ ಏನೋ ಹಿಡಿಯಾಕ ಹೋಗೋದು, ಮುಂಜಾನಿ ಒಂದು ತಾಸು ನೆಟ್ಟಗ ಇರೋದು, ಮತ್ತ ಸುರು. ಒಂದು ದವಾಖಾನ್ಯಾಗ ವಯಸ್ಸಾತು ಬಿಡ್ರಿ ಅಂತ ನಿದ್ದಿ ಗುಳಿಗಿ ಬರ್ಕೊಟ್ರು, ಅದನ್ನ ಕೊಟ್ಟ ಮ್ಯಾಲೆ ಇನ್ನೂ ಜಾಸ್ತಿ ಆತು. ಆ ರಾತ್ರಿ ನಾ ನನ್ನ ಹಳೇ ಸೀರಿ ಹರಿದು ಅವ್ರ ಕೈ ಮಂಚಕ್ಕ ಕಟ್ಟಿದ್ನಿ ಮಲ್ಲು. ಇಷ್ಟು ವರ್ಷ ಯಾರ ಮುಂದೂ ಹೇಳಿಲ್ಲ.

ಮರುದಿನ ಬ್ಯಾರೆ ಡಾಕ್ಟರ್ ರಕ್ತ ತಗಿಸಿ ನೋಡಿದ್ರ ಸೋಡಿಯಂ, ಅಂದ್ರ ರಕ್ತದಾಗಿನ ಉಪ್ಪಿನಂಶ, 117. ಇರಬೇಕಾದ್ದು 135ರಿಂದ 145. ಬಿಪಿ ಗುಳಿಗ್ಯಾಗ ಮೂತ್ರ ಹೆಚ್ಚು ಮಾಡೋ ಔಷಧ ಕೂಡಿತ್ತು, ಅದ್ರ ಮ್ಯಾಲೆ ಜುಲಾಬು, ಎರಡೂ ಸೇರಿ ಮೈಯಾನ ಸೋಡಿಯಂ ಇಳಿಸಿಬಿಟ್ಟಿದ್ವು. ಅದು ಇಳಿದ್ರ ಮೆದುಳಿನ ಕೋಶಕ್ಕ ನೀರು ಹೊಕ್ಕು ಬಾವು ಬರ್ತೈತಂತ. ಅದನ್ನ ದವಾಖಾನ್ಯಾಗ ಸಾವಕಾಶ ಏರಸ್ತಾರ, ಗಡಿಬಿಡಿ ಮಾಡಿದ್ರ ಮೆದುಳಿಗೇ ಪೆಟ್ಟು, ಹಂಗಾಗಿ ನೀ ಮನ್ಯಾಗ ಉಪ್ಪಿನ ನೀರು ಕುಡಿಸಬ್ಯಾಡ ಮತ್ತ. ಐದನೇ ದಿನ ಅವ್ರು "ರೊಟ್ಟಿ ಅದಾವೇನ" ಅಂದ್ರು. ನಾ ಹೊರಗ ಹೋಗಿ ಅತ್ತು ಬಂದ್ನಿ.

ಖರೇ ಮರವಿನ ಬ್ಯಾನಿ ತಿಂಗಳಗಟ್ಟಲೆ ವರ್ಷಗಟ್ಟಲೆ ಮೆಲ್ಲಕ ಬರ್ತೈತಿ. ಹೋದ ವಾರ ಸಂತಿ ಲೆಕ್ಕ ಬಾಯಾಗ ಹೇಳಿದಾಕಿ ನಾಕು ದಿನದಾಗ ಹಿಂಗಾದ್ಲು ಅಂದ್ರ ಮೈಯಾಗ ಏನೋ ಆಗೈತಿ ಅಂತ ಅರ್ಥ. ಡಾಕ್ಟರ್ ಇದಕ್ಕ ಡೆಲಿರಿಯಂ ಅಂತಾರ. ವಯಸ್ಸಾದ ಹೆಣ್ಮಕ್ಕಳಿಗೆ ಮೂತ್ರದ ಸೋಂಕು ಆದ್ರೂ ಹಿಂಗ ಆಗಬಹುದು, ಜ್ವರ ಇರಲಿಕ್ಕಿಲ್ಲ. ಮದ್ಲು ಗ್ಲೂಕೋಮೀಟರ್ ಹಚ್ಚಿ ಶುಗರ್ ನೋಡು, ಆಕಿ ಉಣ್ಣದ ಶುಗರ್ ಗುಳಿಗಿ ನುಂಗ್ಯಾಳ, 70ಕ್ಕಿಂತ ಕೆಳಗಿದ್ದು ನುಂಗುವಷ್ಟು ಎಚ್ಚರ ಇದ್ರ ತಕ್ಷಣ ಸಕ್ರಿ ನೀರು ಕೊಡು. ಆಮ್ಯಾಲೆ ಸೋಡಿಯಂ, ಮೂತ್ರ, ಕಿಡ್ನಿ, ಥೈರಾಯ್ಡ್, ಬಿ12 ವಿಟಮಿನ್ ಎಲ್ಲಾ ನೋಡ್ರಿ ಅಂತ ನೀನ ಬಾಯಿ ಬಿಟ್ಟು ಕೇಳು. ಆಕಿ ಶುಗರಿಗೆ ಮೆಟ್‌ಫಾರ್ಮಿನ್ ಗುಳಿಗಿ ತಗೊಳ್ಳಾಕತ್ತು ಹತ್ತು ವರ್ಷ ಆತು, ಅದು ಬಿ12 ಇಳಿಸ್ತೈತಿ, ಅದ್ರ ಮ್ಯಾಲೆ ನಮ್ಮನ್ಯಾಗ ಬಿ12 ಇರೋ ತತ್ತಿ ಸುದ್ದಿನೂ ಇಲ್ಲ. ಥೈರಾಯ್ಡ್ ಗುಳಿಗಿ ನಡುವ ಬಿಟ್ಟಿದ್ಲಲ್ಲ, ಅದನ್ನೂ ಹೇಳು. ನರ್ಸಿಂಗ್ ಓದುವಾಗ ನಮ್ಮ ವೈಶಾಲಿ ಹೇಳಿದ್ಲು, 1949ರಾಗ ರಿಚರ್ಡ್ ಆಶರ್ ಅನ್ನೋ ಇಂಗ್ಲೆಂಡಿನ ಡಾಕ್ಟರ್ ಹುಚ್ಚು ಹಿಡದೈತಿ ಅನಿಸಿಕೊಂಡ 14 ಮಂದಿದು ಬರದಿದ್ನಂತ, ಬ್ಯಾನಿ ಇದ್ದದ್ದು ಥೈರಾಯ್ಡ್‌ದಾಗ, ಅದ್ರ ಔಷಧ ಬಿದ್ದ ಮ್ಯಾಲೆ ಭಾಳ ಮಂದಿ ಸುಧಾರಿಸಿದ್ರಂತ.

ಮೊಣಕಾಲು ನೋವಿಗೆ ಯಾರೋ ಹೆಸರಿಲ್ಲದ ಪುಡಿ ಕೊಟ್ಟಾರ ಅಂದಿದ್ಲು ಆಕಿ. ಅಂಥಾದ್ರಾಗ ಸ್ಟಿರಾಯ್ಡ್ ಇದ್ರ ಅದೂ ತಲಿ ತಿರುಗಿಸ್ತೈತಿ. ಮನ್ಯಾಗ ಇದ್ದ ಗುಳಿಗಿ, ಪುಡಿ, ಎಣ್ಣಿ ಎಲ್ಲಾ ಒಂದು ಚೀಲಕ್ಕ ಹಾಕ್ಕೊಂಡು ಹೋಗಿ ತೋರ್ಸು. ನಿದ್ದಿ ಗುಳಿಗಿ ಮಾತ್ರ ನೀನಾಗಿ ಕೊಡಬ್ಯಾಡ.

ಸೊಸಿ ಗಿರಿಜಾಗ ನಾ ಹೇಳೇನಿ ಅಂತ ಹೇಳು, ಆ ವಿಷದ ಮಾತು ಆಕಿ ಮನಸ್ಸಿಗೆ ಹಚ್ಕೋಬಾರದು. ಅದು ನಮ್ಮ ತಂಗಿ ಮಾತಲ್ಲ, ಬ್ಯಾನಿ ಮಾತು. ನೀನೂ ಅವ್ವಗ ಎದುರು ವಾದ ಹಾಕಬ್ಯಾಡ, ಅಪ್ಪ ಇಲ್ಲೆಲ್ಲದಾನ ಅಂತ ಜೋರು ಮಾಡಬ್ಯಾಡ, "ನಾ ಮಲ್ಲು, ಇದು ನಮ್ಮ ಮನಿ, ಈಗ ಮುಂಜಾನಿ" ಅಂತ ಕೈ ಹಿಡಕೊಂಡು ಹೇಳು. ಗಾಳಿ ಸೋಕೈತಿ ಅಂತ ಬಾಜೂ ಮನಿಯವ್ರು ಹೇಳ್ಯಾರಲ್ಲ, ದೇವರಿಗೆ ಕೈ ಮುಗಿ, ನಾನೂ ಮುಗೀತೇನಿ, ಆದ್ರ ದವಾಖಾನಿ ಮದ್ಲು.

ಎಲ್ಲಾ ರಿಪೋರ್ಟ್ ನೆಟ್ಟಗ ಬಂದ್ರ ಆಗ ಧಾರವಾಡದ ಮನಸ್ಸಿನ ದವಾಖಾನಿ ಡಿಮ್ಹಾನ್ಸ್‌ಗೆ ಹೋಗೋಣು. ನಮ್ಮ ಕಡೆ ಧಾರವಾಡಕ್ಕ ಕರ್ಕೊಂಡು ಹೋಗ್ಯಾರ ಅಂದ್ರ ಸಾಕು ಮಂದಿ ಬಾಯಿ ಮುಚ್ಕೋತಾರ, ಅದ್ಕ ಅಂಜಬ್ಯಾಡ, ಮನಸ್ಸಿನ ಬ್ಯಾನಿನೂ ಬ್ಯಾನಿನ, ಅಲ್ಲಿ ಮೆದುಳು, ನರದ್ದೂ ನೋಡ್ತಾರ.

ಇವತ್ತ ಹೋಗು, ನಾಳೆ ಅನ್ನಬ್ಯಾಡ. ನಾ ಹತ್ತರ ಬಸ್ಸಿಗೆ ಹಾವೇರಿಗೆ ಬರ್ತೇನಿ, ಸೀದಾ ದವಾಖಾನಿಗೇ ಬರ್ತೇನಿ. ಹೋಗುವಾಗ ಆಕಿ ಕನ್ನಡಕ ತಗೊಂಡು ಹೋಗು, ಮಬ್ಬು ಕಂಡ್ರ ಇನ್ನೂ ಗಾಬರಿ ಆಗ್ತಾಳ.

ನಿನ್ನ
ದೊಡ್ಡವ್ವ, ಗದಗ