60 ಅಡಿ ಎಂದು ಬರೆದು 49 ಅಡಿಯ ದೋಟಿ ಕಳುಹಿಸಿದ ಬಗ್ಗೆ ದೂರು

ಇವರಿಗೆ,
ಕುಂದುಕೊರತೆ ಅಧಿಕಾರಿಗಳು,
ಕೃಷಿ ಉಪಕರಣಗಳ ಆನ್‌ಲೈನ್ ಮಾರಾಟ ಸಂಸ್ಥೆ,
ಬೆಂಗಳೂರು.

ಇಂದ,
ಅಡಿಕೆ ಬೆಳೆಗಾರ,
ತೀರ್ಥಹಳ್ಳಿ ತಾಲ್ಲೂಕು, ಶಿವಮೊಗ್ಗ ಜಿಲ್ಲೆ.

ವಿಷಯ: ತಮ್ಮ ಜಾಲತಾಣದ ಕನ್ನಡ ಪುಟದಲ್ಲಿರುವ ತಪ್ಪು ಮತ್ತು ಅಸ್ಪಷ್ಟ ಬರವಣಿಗೆಯಿಂದ ಆದ ನಷ್ಟ, ಹಣ ವಾಪಸಾತಿ ಹಾಗೂ ಪುಟದ ತಿದ್ದುಪಡಿ ಕುರಿತು.

ಮಾನ್ಯರೇ,

ಕಳೆದ ಮೇ ತಿಂಗಳ ಮೂರನೇ ವಾರದಲ್ಲಿ ತಮ್ಮ ಜಾಲತಾಣದ ಕನ್ನಡ ಪುಟವನ್ನು ಓದಿ, ನೆಲದ ಮೇಲೆ ನಿಂತೇ ಅಡಿಕೆ ಮರಕ್ಕೆ ಔಷಧಿ ಹೊಡೆಯಲು ಬರುವ ಕಾರ್ಬನ್ ಫೈಬರ್ ದೋಟಿಯೊಂದನ್ನು, ಅಂದರೆ ಉದ್ದನೆಯ ಕೋಲೊಂದನ್ನು, ಪೂರ್ತಿ ಹಣ ಮುಂಗಡ ಕಟ್ಟಿ ತರಿಸಿಕೊಂಡೆ. ಪುಟದ ತಲೆಯಲ್ಲಿ ದಪ್ಪ ಅಕ್ಷರಗಳಲ್ಲಿ "60 ಅಡಿ ದೋಟಿ" ಎಂದು ಬರೆದಿತ್ತು. ಬಂದದ್ದನ್ನು ಅಂಗಳದಲ್ಲಿ ಕೊನೆಯ ತುಂಡಿನವರೆಗೂ ಎಳೆದು, ಒಂದು ತುದಿಯಲ್ಲಿ ನಾನು ಇನ್ನೊಂದು ತುದಿಯಲ್ಲಿ ಮಗ ಟೇಪು ಹಿಡಿದು ಅಳೆದರೆ 49 ಅಡಿ 2 ಅಂಗುಲವಾಯಿತು. ತುಂಡುಗಳು ಪೂರ್ತಿ ಹೊರಗೆ ಬಂದಿಲ್ಲವೇನೋ ಎಂಬ ಅನುಮಾನದಿಂದ ಬಿಚ್ಚಿ, ಮತ್ತೆ ಜೋಡಿಸಿ, ಎರಡನೇ ಸಲ ಅಳೆದೆವು. ಆಗಲೂ ಅಷ್ಟೇ ಬಂತು.

ಆಮೇಲೆ ಪುಟವನ್ನು ಮತ್ತೊಮ್ಮೆ ತೆರೆದು ತಳದವರೆಗೆ ನೋಡಿದಾಗ, ಗ್ರಾಹಕರ ಮೆಚ್ಚುಗೆಯ ಮಾತುಗಳೆಲ್ಲ ಮುಗಿದ ಮೇಲಿನ ಒಂದು ಸಣ್ಣ ಕೋಷ್ಟಕದಲ್ಲಿ "ಉದ್ದ: 15 ಮೀ." ಎಂದಿರುವುದು ಕಣ್ಣಿಗೆ ಬಿತ್ತು. 15 ಮೀಟರೆಂದರೆ 49 ಅಡಿ ಚಿಲ್ಲರೆ. 60 ಅಡಿ ಆಗಬೇಕಾದರೆ 18 ಮೀಟರನ್ನು ದಾಟಬೇಕು. ಅಂದರೆ ಒಂದೇ ಪುಟದ ತಲೆ ಒಂದು ಹೇಳುತ್ತದೆ, ಬುಡ ಇನ್ನೊಂದು ಹೇಳುತ್ತದೆ.

ಸಹಾಯವಾಣಿಗೆ ಕರೆ ಮಾಡಿದಾಗ ಸಿಕ್ಕಿದ ವಿವರಣೆಯನ್ನು ಇಲ್ಲಿ ದಾಖಲಿಸಲೇಬೇಕು. ಮಾತನಾಡಿದವರು ಬಹಳ ಸೌಜನ್ಯದಿಂದಲೇ, "60 ಅಡಿ ಎಂದರೆ ದೋಟಿಯ ಉದ್ದವಲ್ಲ ಸರ್, ಔಷಧಿ ತಲುಪುವ ಎತ್ತರ" ಎಂದರು. ದೋಟಿ 49 ಅಡಿ, ಹಿಡಿದು ನಿಂತವರ ಹೆಗಲಿನ ಎತ್ತರ 5 ಅಡಿ, ನಾಜಲ್‌ನಿಂದ ಮೇಲಕ್ಕೆ ಚಿಮ್ಮುವುದು 6 ಅಡಿ, ಒಟ್ಟು ಅರವತ್ತಂತೆ. ಹೀಗೆ ಕೊಂಡವನ ಹೆಗಲನ್ನೂ ಮಾರುವವರ ಸರಕಿನ ಲೆಕ್ಕಕ್ಕೆ ಸೇರಿಸಿಕೊಳ್ಳುವ ಪದ್ಧತಿಯನ್ನು ನಾನು ಇದುವರೆಗೆ ಯಾವ ಅಂಗಡಿಯಲ್ಲೂ ಕಂಡಿಲ್ಲ. ಹಗ್ಗವನ್ನಾಗಲಿ ಪೈಪನ್ನಾಗಲಿ ಏಣಿಯನ್ನಾಗಲಿ ಇಷ್ಟು ಅಡಿ ಎಂದು ಕರೆದರೆ, ಆ ಅಡಿ ಆ ವಸ್ತುವಿನದ್ದೇ ಎಂದು ಕನ್ನಡ ಬಲ್ಲ ಯಾರಾದರೂ ತಿಳಿಯುತ್ತಾರೆ. ತಮ್ಮದೇ ಪುಟದಲ್ಲಿ 50 ಅಡಿಯ ದೋಟಿ ಕಡಿಮೆ ಬೆಲೆಗೆ ಬೇರೆಯಾಗಿಯೇ ಇದೆ. ಅದರ ಉದ್ದದಲ್ಲಿ ಯಾರ ಹೆಗಲು ಸೇರಿದೆ ಎಂದು ಕೇಳಿದ್ದಕ್ಕೆ ಉತ್ತರ ಬರಲಿಲ್ಲ.

ಸುಮಾರು ಹನ್ನೊಂದು ಅಡಿಯ ಕೊರತೆ ಎಂದರೆ ಏನೆಂಬುದನ್ನು ಬೆಂಗಳೂರಿನ ಕಚೇರಿಗೆ ಸ್ವಲ್ಪ ಬಿಡಿಸಿ ಹೇಳಬೇಕಾಗಿದೆ. ನಮ್ಮ ತೋಟದ ಹೊಳೆಬದಿಯ ಮರಗಳು ಅಜ್ಜನ ಕಾಲದವು. ಮಳೆಗಾಲದಲ್ಲಿ ಎಳೆಗಾಯಿ ಕೊಳೆತು ಉದುರುವ ಕೊಳೆರೋಗವನ್ನು ತಡೆಯಲು ಮುಂಗಾರು ಹಿಡಿಯುವ ಮೊದಲು ಒಮ್ಮೆ, ಅಲ್ಲಿಂದ 40-45 ದಿನಕ್ಕೆ ಇನ್ನೊಮ್ಮೆ ಮೈಲುತುತ್ತ, ಸುಣ್ಣ ಬೆರೆಸಿದ ಬೋರ್ಡೋ ದ್ರಾವಣ ಹೊಡೆಯಬೇಕು, ಅದೂ ಗೊನೆ ಪೂರ್ತಿ ತೊಯ್ಯುವಂತೆ. ಮರ ಹತ್ತುವ ಕೊನೆಗೌಡರು ಸಿಗುವುದು ಕಷ್ಟವಾದ್ದರಿಂದಲೇ ನಾವು ದೋಟಿಯ ಕಡೆ ತಿರುಗಿದ್ದು. ತಮ್ಮ ದೋಟಿಗೆ ಬರೀ ನೀರು ಕೊಟ್ಟು ಒಂದು ಮರಕ್ಕೆ ಎತ್ತಿ ನೋಡಿದೆವು. ನೀರು ಗೊನೆಗಿಂತ ಒಂದಾಳು ಕೆಳಗೇ ಚದುರಿ, ತಲೆಯೆತ್ತಿ ನಿಂತಿದ್ದ ನಮ್ಮ ಮುಖಕ್ಕೆ ಬಿತ್ತು. ಬೇರೆ ವ್ಯವಸ್ಥೆ ಮಾಡಿಕೊಳ್ಳುವಷ್ಟರಲ್ಲಿ ಮೃಗಶಿರ ಮಳೆಯ ನಡುವೆ ಸಿಕ್ಕಿದ ನಾಲ್ಕು ದಿನದ ಹೊಳವು, ಅಂದರೆ ಮಳೆಯ ಬಿಡುವು, ಕಳೆದುಹೋಯಿತು. ಕೊನೆಗೆ ಪಕ್ಕದೂರಿನ ಕೊನೆಗೌಡರೊಬ್ಬರನ್ನು ಕಾಡಿ ಬೇಡಿ ಕರೆತಂದು, ಆರಿದ್ರೆಯ ಮಳೆಯ ಸಂದಿಯಲ್ಲಿ ಅರ್ಧ ತೋಟಕ್ಕಷ್ಟೇ ಔಷಧಿ ಮುಗಿಸಿದ್ದೇವೆ.

ಇಷ್ಟೇ ಆಗಿದ್ದರೆ ಒಂದು ಪುಟದ ಪತ್ರದಲ್ಲಿ ಮುಗಿಸುತ್ತಿದ್ದೆ. ಆದರೆ ಅಳತೆಯ ತಪ್ಪಿನಿಂದ ಕೈಬಿಡುವುದು ಹಣ ಮತ್ತು ಹೊಳವು ಮಾತ್ರ. ಅದೇ ಪುಟದ ಎಚ್ಚರಿಕೆಯ ಸಾಲಿನಿಂದ ಜೀವವೇ ಹೋಗಬಹುದು. ಅಲ್ಲಿ "ಜೀವಂತ ಸಾಲುಗಳ ಬಳಿ ಬಳಸಬೇಡಿ" ಎಂದಿದೆ. ಔಷಧಿ ಹೊಡೆಯಲು ಬಂದಿದ್ದ ಆಳಿಗೆ ಇದನ್ನು ಓದಿ ಹೇಳಿದಾಗ, "ಜೀವ ಇರೋ ಸಾಲಿಗೆ ಹೊಡೀಬ್ಯಾಡಿ ಅಂದ್ರೆ ಸತ್ತ ಮರಕ್ಕೆ ಹೊಡೀಬೇಕಾ ಗೌಡ್ರೇ?" ಎಂದು ನಕ್ಕ. ನಗುವಂಥದ್ದೇ. ಅಡಿಕೆ ತೋಟದಲ್ಲಿ ಸಾಲು ಎಂದರೆ ಮರದ ಸಾಲು. ಇಂಗ್ಲಿಷ್ ಪುಟವನ್ನು ತೆರೆದು ನೋಡಿದ ಮೇಲೆ ತಿಳಿದದ್ದು, ಅದು ಕರೆಂಟ್ ಹರಿಯುತ್ತಿರುವ ತಂತಿಯ ಮಾತು ಎಂದು. ಯಂತ್ರಕ್ಕೆ ಕೊಟ್ಟು ಅನುವಾದ ಮಾಡಿಸಿ, ಕನ್ನಡ ಬಲ್ಲ ಒಬ್ಬರೂ ಓದದೆ ಹಾಗೆಯೇ ಏರಿಸಿದ್ದೀರಿ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಕಾರ್ಬನ್ ಫೈಬರಿನಲ್ಲಿ ವಿದ್ಯುತ್ ಹರಿಯುತ್ತದೆ. ಅಲ್ಯೂಮಿನಿಯಂ ದೋಟಿಗೆ ಹೆದರುವವರು ಕೂಡ, ಇದು ಲೋಹವಲ್ಲವಲ್ಲ ಎಂಬ ಧೈರ್ಯದಲ್ಲಿ ಇದನ್ನು ತಂತಿಯ ಪಕ್ಕದಲ್ಲೇ ಎತ್ತಿಬಿಡುತ್ತಾರೆ. ಪಂಪ್‌ಸೆಟ್ಟಿನ ತಂತಿ ತೋಟದೊಳಗೇ ಹಾದುಹೋಗಿರುವ ಮನೆಗಳು ನಮ್ಮ ಊರಿನಲ್ಲಿ ಒಂದೆರಡಲ್ಲ. ಪುಟದ ಮೇಲ್ಭಾಗದಲ್ಲಿ ತಾವು "ಹಗುರ, ಸಂಪೂರ್ಣ ಸುರಕ್ಷಿತ" ಎಂದು ಬರೆದಿರುವುದು ಆ ಧೈರ್ಯಕ್ಕೆ ಇನ್ನಷ್ಟು ಒತ್ತಾಸೆ ಕೊಡುತ್ತದೆ.

ಬೋರ್ಡೋ ತಯಾರಿಸುವ ವಿಧಾನವನ್ನು ಹೇಳುವ ಭಾಗದಲ್ಲಿ ಒಂದು ಕಿಲೋ ಮೈಲುತುತ್ತ, ನೂರು ಲೀಟರ್ ನೀರು ಎಂಬುದು ಸರಿಯಾಗಿಯೇ ಇದೆ. ಒಂದು ಕಿಲೋ ಸುಣ್ಣ ಇರಬೇಕಾದ ಜಾಗದಲ್ಲಿ ಮಾತ್ರ "ಒಂದು ಕಿಲೋ ನಿಂಬೆ" ಎಂದಿದೆ. ಇಂಗ್ಲಿಷಿನ "ಲೈಮ್" ಸುಣ್ಣವೂ ಹೌದು, ನಿಂಬೆಯೂ ಹೌದು. ತುತ್ತದ ಹುಳಿಯನ್ನು ಮುರಿಯುವುದೇ ಸುಣ್ಣದ ಕೆಲಸವಾಗಿರುವಾಗ, ಅಲ್ಲಿಗೆ ಇನ್ನೊಂದು ಹುಳಿಯನ್ನು ಹಿಂಡಲು ಹೇಳಿದಂತಾಯಿತು. ನಮ್ಮಂಥ ಹಳಬರು ಇದನ್ನು ಓದಿ ಮುಂದೆ ಹೋಗುತ್ತೇವೆ, ನಿಜ. ಪೇಟೆಯ ಕೆಲಸ ಬಿಟ್ಟು ಬಂದು ಈ ವರ್ಷವೇ ತೋಟ ಹಿಡಿದ ಹುಡುಗನೊಬ್ಬ ಪುಟವನ್ನು ನಂಬಿದರೆ ಎಳೆಗಾಯಿ, ಸೋಗೆ ಎರಡೂ ಸುಟ್ಟುಹೋದಾವು.

ಇನ್ನು ಹಣ ವಾಪಸಾತಿಯ ವಿಚಾರ. ಪುಟದಲ್ಲಿರುವ ವಾಕ್ಯ ಇಷ್ಟೇ: "ಏಳು ದಿನಗಳಲ್ಲಿ ಹಣ ಹಿಂತಿರುಗಿಸಲಾಗುವುದು." ಕೇಳಿದ ಏಳು ದಿನಗಳಲ್ಲಿ ಹಣ ಬರುತ್ತದೆ ಎಂದು ನಾನು ಓದಿಕೊಂಡೆ. ಸರಕು ತಲುಪಿದ ಏಳು ದಿನಗಳೊಳಗೆ ಅರ್ಜಿ ಹಾಕಿದರೆ ಮಾತ್ರ ಎಂಬುದು ತಮ್ಮವರ ಓದು. ತಲುಪಿದ್ದು ಯಾವಾಗ ಎಂಬುದೂ ತಕರಾರಿನಲ್ಲಿದೆ. ಪೆಟ್ಟಿಗೆ ತೀರ್ಥಹಳ್ಳಿಯ ಸಾಗಣೆ ಕಚೇರಿಗೆ ಬಂದ ದಿನವೇ ನನ್ನ ಮೊಬೈಲಿಗೆ "ತಲುಪಿಸಲಾಗಿದೆ" ಎಂಬ ಸಂದೇಶ ಬಂತು. ಅದನ್ನು ನಾನೇ ಜೀಪು ಮಾಡಿಕೊಂಡು ಹೋಗಿ ತಂದದ್ದು ಐದನೇ ದಿನ. ನಾನು 22 ವರ್ಷ ಸಹಕಾರ ಸಂಘವೊಂದರ ಕಾರ್ಯದರ್ಶಿಯಾಗಿ ಸಭೆಗಳ ನಡವಳಿ ಪುಸ್ತಕ ಬರೆದವನು. "ತೀರ್ಮಾನಿಸಲಾಯಿತು" ಎಂದು ಬರೆದು ಯಾರು, ಯಾವಾಗ ಎಂಬುದನ್ನು ಬಿಟ್ಟರೆ ಲೆಕ್ಕಪರಿಶೋಧಕರು ಕೆಂಪು ಶಾಯಿಯಲ್ಲಿ ಗೆರೆ ಎಳೆಯುತ್ತಿದ್ದರು. ಈ "ಲಾಗಿದೆ", "ಲಾಗುವುದು" ಎಂಬ ಕ್ರಿಯಾಪದಗಳಲ್ಲಿ ಮಾಡುವವನೂ ಮರೆಯಾಗುತ್ತಾನೆ, ಪಡೆಯುವವನೂ ಮರೆಯಾಗುತ್ತಾನೆ, ಉಳಿಯುವುದು ಜಗಳ ಮಾತ್ರ.

ಅಂಗಡಿಗೆ ಹೋದವನು ಸರಕನ್ನು ಮುಟ್ಟಿ, ಎತ್ತಿ, ಗೇಣು ಹಾಕಿ ನೋಡಿ ಕೊಳ್ಳುತ್ತಾನೆ. ನನಗೆ ಮುಟ್ಟಲು ಸಿಕ್ಕಿದ್ದು ತಾವು ಬರೆದ ವಾಕ್ಯ ಮಾತ್ರ. ಹಣ ಕೊಟ್ಟದ್ದೂ ಅದನ್ನು ನಂಬಿಯೇ. ಕಾನೂನು ಕೂಡ ಹೆಚ್ಚುಕಡಿಮೆ ಹಾಗೆಯೇ ನೋಡುತ್ತದೆ. ಗ್ರಾಹಕ ಸಂರಕ್ಷಣಾ ಕಾಯ್ದೆ, 2019ರ ಪ್ರಕಾರ ಜಾಲತಾಣದಲ್ಲಿ ಮಾಡುವ ಪ್ರಚಾರವೂ ಜಾಹೀರಾತೇ. 2020ರ ಇ-ವಾಣಿಜ್ಯ ನಿಯಮಗಳ ಪ್ರಕಾರ ಜಾಹೀರಾತು ಸರಕಿನ ನಿಜವಾದ ಗುಣಲಕ್ಷಣಕ್ಕೆ ಹೊಂದಿಕೆಯಾಗಿರಬೇಕು, ಹೇಳಿದಂತಿಲ್ಲದ ಸರಕನ್ನು ವಾಪಸು ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಈ ಪತ್ರ ತಲುಪಿದ್ದನ್ನು ತಾವು 48 ಗಂಟೆಗಳೊಳಗೆ ತಿಳಿಸಿ, ಒಂದು ತಿಂಗಳೊಳಗೆ ದೂರನ್ನು ಬಗೆಹರಿಸಬೇಕೆಂದೂ ಅದೇ ನಿಯಮಗಳು ಹೇಳುತ್ತವೆ.

ಆದ್ದರಿಂದ ದೋಟಿಯನ್ನು ತಮ್ಮ ಖರ್ಚಿನಲ್ಲಿ ವಾಪಸು ಒಯ್ದು, ಸಾಗಣೆ ವೆಚ್ಚವೂ ಸೇರಿದಂತೆ ಪೂರ್ತಿ ಹಣವನ್ನು ನಾನು ಪಾವತಿಸಿದ ಖಾತೆಗೇ ಮರಳಿಸಬೇಕು. ಪುಟವನ್ನು ತಿದ್ದುವವರೆಗೆ ಆ ದೋಟಿಯ ಮಾರಾಟವನ್ನು ನಿಲ್ಲಿಸಬೇಕು. ಅಳತೆಯನ್ನು "ದೋಟಿಯ ಉದ್ದ 49 ಅಡಿ" ಎಂದು ಪುಟದ ತಲೆಯಲ್ಲೇ ಹಾಕಿ. ಎಚ್ಚರಿಕೆಯನ್ನು "ಈ ದೋಟಿಯಲ್ಲಿ ಕರೆಂಟ್ ಹರಿಯುತ್ತದೆ. ವಿದ್ಯುತ್ ತಂತಿ ಇರುವ ಕಡೆ ಇದನ್ನು ಎತ್ತಬೇಡಿ" ಎಂದು ಬರೆಯಿರಿ. ಇದಕ್ಕಿಂತ ಚೆನ್ನಾಗಿ ಬರೆಯಬಲ್ಲವರು ತಮ್ಮಲ್ಲಿದ್ದರೆ ನನ್ನ ಆಕ್ಷೇಪವಿಲ್ಲ, ಆದರೆ ಏರಿಸುವ ಮೊದಲು ತೋಟದ ಕೆಲಸ ಬಲ್ಲ ಒಬ್ಬರಿಗೆ ಓದಿ ಹೇಳಿ. ಈಗಾಗಲೇ ಈ ದೋಟಿ ಕೊಂಡವರಿಗೆಲ್ಲ ತಂತಿಯ ಎಚ್ಚರಿಕೆಯನ್ನು ಮೊಬೈಲ್ ಸಂದೇಶದ ಮೂಲಕ ಕೂಡಲೇ ತಿಳಿಸಬೇಕು. ಈ ಕೆಲಸಕ್ಕೆ ಒಂದು ತಿಂಗಳು ಕಾಯುವುದು ಬೇಡ.

ಪುಟದ ಚಿತ್ರಗಳು, ಟೇಪು ಹಿಡಿದು ತೆಗೆದ ಫೋಟೊ, ಪಾವತಿಯ ರಸೀದಿ ಮತ್ತು ಸಾಗಣೆ ಕಚೇರಿಯಲ್ಲಿ ನಾನು ಸಹಿ ಮಾಡಿದ ಚೀಟಿಯ ಪ್ರತಿಯನ್ನು ಲಗತ್ತಿಸಿದ್ದೇನೆ. ಅವಧಿಯೊಳಗೆ ಉತ್ತರ ಬಾರದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ನೀಡಿ, ಬಳಿಕ ಶಿವಮೊಗ್ಗದ ಜಿಲ್ಲಾ ಗ್ರಾಹಕರ ಆಯೋಗದ ಮುಂದೆ ಹೋಗುತ್ತೇನೆ. ದೂರುದಾರ ವಾಸವಿರುವ ಜಿಲ್ಲೆಯಲ್ಲೇ ಪ್ರಕರಣ ಹೂಡಲು ಕಾಯ್ದೆಯಲ್ಲಿ ಅವಕಾಶವಿರುವುದರಿಂದ, ಬೆಂಗಳೂರಿಗೆ ಅಲೆಯುವ ಪ್ರಮೇಯ ನನಗಿಲ್ಲ.

ದೋಟಿಯನ್ನು ಒರೆಸಿ, ಬಂದ ಪೆಟ್ಟಿಗೆಯಲ್ಲೇ ಹಾಕಿ ಜಗಲಿಯಲ್ಲಿ ಇಟ್ಟಿದ್ದೇನೆ. ಒಯ್ಯಲು ಬರುವವರು ಹಿಂದಿನ ದಿನವೇ ಫೋನ್ ಮಾಡಿ ಬರಲಿ. ಮಳೆಗಾಲದಲ್ಲಿ ವಾಹನ ನಮ್ಮ ಕಾಲುಸಂಕದ ಆಚೆಗೇ ನಿಲ್ಲುತ್ತದೆ. ಪೆಟ್ಟಿಗೆಯನ್ನು ಅಲ್ಲಿಯವರೆಗೆ ನಾವು ಹೊತ್ತು ತಂದು ಕೊಡುತ್ತೇವೆ.

ಇತಿ,
ತಮ್ಮ ಗ್ರಾಹಕ